ಹಳೆಯ ಕಂಪ್ಯೂಟರಿನಲ್ಲಿ ಹೊಸ ಗೇಮ್: ಅಳೆದು, ಆಮೇಲೆ ಬಿಡಿಭಾಗ ಬದಲಿಸುವ ಕ್ರಮ

ಕಳೆದ ಬೇಸಗೆ ರಜೆಯಲ್ಲಿ ನನ್ನ ತಂಗಿಯ ಮಗ ತನ್ನ ಕಂಪ್ಯೂಟರಿನ ಡಬ್ಬಿಯನ್ನು ಬೈರಾಸಿನಲ್ಲಿ ಸುತ್ತಿ, ಪೆರ್ಲದಿಂದ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡೇ ಬದಿಯಡ್ಕದ ನಮ್ಮ ಮನೆಗೆ ಬಂದಿದ್ದ. “ಮಾವಾ, ಇದಕ್ಕೊಂದು ಒಳ್ಳೆ ಗ್ರಾಫಿಕ್ ಕಾರ್ಡ್ ಹಾಕಿದ್ರೆ ಎಲ್ಲ ಸರಿ ಆಗ್ತದಲ್ಲ?” ಎಂಬುದು ಅವನ ಪ್ರಶ್ನೆ. ಡಬ್ಬಿಯೊಳಗೆ ಇದ್ದುದು 2015ರಲ್ಲಿ ಬಂದ ಇಂಟೆಲ್ ಐ5-6500 ಪ್ರೊಸೆಸರ್, ಎಚ್110 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್, 1 ಟಿಬಿಯ ಹಾರ್ಡ್ ಡಿಸ್ಕ್ ಮತ್ತು 4 ಜಿಬಿಯ ಜಿಟಿಎಕ್ಸ್ 1050 ಟಿಐ ಕಾರ್ಡ್. ಗೇಮ್ ಚೆನ್ನಾಗಿ ಓಡುತ್ತಿರುವಾಗಲೇ ಅರೆಕ್ಷಣ ಸಿಕ್ಕಿಹಾಕಿಕೊಂಡಂತೆ ನಿಂತು, ಮತ್ತೆ ಓಡುತ್ತದೆ ಎಂಬುದು ಅವನ ದೂರು. ಹೊಸ ಕಾರ್ಡಿಗೆ ಭಾವನವರಿಂದ ಹಣ ಕೊಡಿಸುವ ಹೊಣೆಯನ್ನೂ ಅವನು ನನ್ನ ಮೇಲೆಯೇ ಹೊರಿಸಿದ್ದ.

ನಾನು ಹಣದ ಮಾತನ್ನು ಬದಿಗಿಟ್ಟು ಕಂಪ್ಯೂಟರನ್ನು ಟಿವಿಗೆ ಜೋಡಿಸಿ, ಗೇಮ್ ಆಡುತ್ತಾ ಹತ್ತು ನಿಮಿಷ ಅಳೆದು ನೋಡಿದೆ. ತಡವಾಗುತ್ತಿದ್ದುದು ಕಾರ್ಡಿನಿಂದಾಗಿರಲಿಲ್ಲ. ಆ ರಜೆಯಲ್ಲಿ ನಾವಿಬ್ಬರೂ ಮಾಡಿದ ಕೆಲಸವನ್ನೇ ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಅರ್ಧದಷ್ಟು ಎಲ್ಲ ಊರಿನ ಕಂಪ್ಯೂಟರುಗಳಿಗೂ ಸಲ್ಲುವ ಮಾತು. ಉಳಿದದ್ದು ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಸಿಡಿಲಿನ ಕಾಟವೂ ಪಂಪ್‌ಸೆಟ್ಟಿನ ಕಾಲದ ವೋಲ್ಟೇಜ್ ಇಳಿತವೂ ಇರುವ ನಮ್ಮ ಕಾಸರಗೋಡಿನಂಥ ಕಡೆಗೆ ವಿಶೇಷವಾಗಿ ಬೇಕಾದದ್ದು.

ಮೊದಲು ಅಳತೆ

ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು (ಫ್ರೇಮುಗಳು) ಮೂಡಬೇಕಾದರೆ ಒಂದೊಂದು ಚಿತ್ರಕ್ಕೂ ಸಿಗುವ ಸಮಯ 16.7 ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ಪ್ರೊಸೆಸರ್ ಆಟದ ಲೆಕ್ಕಾಚಾರ ಮುಗಿಸಬೇಕು, ರ‍್ಯಾಮ್ ಅದಕ್ಕೆ ಬೇಕಾದ ಮಾಹಿತಿಯನ್ನು ಒದಗಿಸಬೇಕು, ಕಾರ್ಡ್ ಚಿತ್ರ ಬಿಡಿಸಬೇಕು. ಇವುಗಳಲ್ಲಿ ಯಾವುದೊಂದು ಹಿಂದೆ ಬಿದ್ದರೂ ಉಳಿದವು ಕಾಯುತ್ತವೆ. ಕಾಯುತ್ತಿರುವ ಭಾಗವನ್ನು ಬದಲಿಸಿದರೆ ಅದು ಇನ್ನಷ್ಟು ಬೇಗ ಕೆಲಸ ಮುಗಿಸಿ ಇನ್ನಷ್ಟು ಹೊತ್ತು ಕಾಯುತ್ತದೆ, ಅಷ್ಟೆ. ಆದ್ದರಿಂದ ಕಾಯಿಸುತ್ತಿರುವ ಭಾಗ ಯಾವುದೆಂದು ಪತ್ತೆ ಮಾಡದೆ ಪರ್ಸಿಗೆ ಕೈ ಹಾಕಬಾರದು.

ಪತ್ತೆ ಮಾಡಲು ವಿಂಡೋಸಿನಲ್ಲೇ ಇರುವ ಟಾಸ್ಕ್ ಮ್ಯಾನೇಜರ್ ಸಾಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಪರ್ಫಾರ್ಮೆನ್ಸ್ ವಿಭಾಗವನ್ನು ತೆರೆದಿಟ್ಟು, ಹತ್ತು ನಿಮಿಷ ಗೇಮ್ ಆಡಿ, ಗೇಮ್ ಸಿಕ್ಕಿಹಾಕಿಕೊಂಡ ಕೂಡಲೇ ಹಿಂದಿರುಗಿ ಆ ಗೆರೆಗಳನ್ನು ನೋಡಬೇಕು. ಜಿಪಿಯು (ಗ್ರಾಫಿಕ್ ಕಾರ್ಡಿನ ಚಿಪ್) ಗೆರೆ 95ರಿಂದ 99 ಶೇಕಡದಲ್ಲಿ ಸಮವಾಗಿ ನಿಂತಿದ್ದರೆ ಕಾರ್ಡ್ ತನ್ನ ಪೂರ್ತಿ ಶಕ್ತಿಯಿಂದ ದುಡಿಯುತ್ತಿದೆ ಎಂದರ್ಥ. ಹೆಚ್ಚು ಓಟ ಬೇಕಿದ್ದರೆ ಅಂಥ ಕಂಪ್ಯೂಟರಿಗೆ ಮಾತ್ರ ಹೊಸ ಕಾರ್ಡ್ ಪರಿಹಾರವಾಗುತ್ತದೆ. ಜಿಪಿಯು ಗೆರೆ 60ರ ಆಸುಪಾಸಿನಲ್ಲಿ ತೂಗಾಡುತ್ತಿದ್ದರೆ ಬೇರೇನೋ ಅದನ್ನು ಕಾಯಿಸುತ್ತಿದೆ.

ಇಲ್ಲಿ ಹಲವರು ತಪ್ಪುವ ಒಂದು ಜಾಗವಿದೆ. ಸಿಪಿಯು, ಎಂದರೆ ಪ್ರೊಸೆಸರಿನ ಬಳಕೆ ಬರೇ 30 ಶೇಕಡ ಎಂದು ಕಂಡಾಗ ಪ್ರೊಸೆಸರ್ ಆರಾಮವಾಗಿದೆ ಎಂದುಕೊಳ್ಳುತ್ತಾರೆ. ಎಂಟು ಥ್ರೆಡ್ (ಒಟ್ಟೊಟ್ಟಿಗೆ ನಡೆಯುವ ಕೆಲಸದ ಸಾಲು) ಇರುವ ಪ್ರೊಸೆಸರಿನಲ್ಲಿ ಒಂದೇ ಥ್ರೆಡ್ ಪೂರ್ತಿ ದಣಿದಿದ್ದರೂ ಒಟ್ಟು ಲೆಕ್ಕದಲ್ಲಿ ಅದು 12ರಿಂದ 13 ಶೇಕಡವಾಗಿ ಕಾಣುತ್ತದೆ. ಅನೇಕ ಗೇಮುಗಳ ಮುಖ್ಯ ಕೆಲಸವೆಲ್ಲ ಒಂದೆರಡು ಥ್ರೆಡ್ಡಿನ ಮೇಲೆಯೇ ಬೀಳುವುದರಿಂದ, ಗ್ರಾಫಿನ ಮೇಲೆ ಬಲಗುಂಡಿ ಒತ್ತಿ ಲಾಜಿಕಲ್ ಪ್ರೊಸೆಸರ್‌ಗಳನ್ನು ಬೇರೆಬೇರೆಯಾಗಿ ತೋರಿಸುವಂತೆ ಮಾಡಿ ನೋಡಬೇಕು. ಇನ್ನೂ ಅನುಮಾನ ಉಳಿದರೆ ಗೇಮಿನ ರೆಸಲ್ಯೂಶನ್ನನ್ನು (ಚಿತ್ರದ ಚುಕ್ಕಿಗಳ ಸಾಲಿನ ಸಂಖ್ಯೆ) 1080ರಿಂದ 720ಕ್ಕೆ ಇಳಿಸಿ ನೋಡಿ. ಓಟ ಹೆಚ್ಚಾದರೆ ಭಾರ ಇದ್ದುದು ಕಾರ್ಡಿನ ಮೇಲೆ, ಇದ್ದಲ್ಲೇ ಇದ್ದರೆ ಪ್ರೊಸೆಸರಿನ ಮೇಲೆ. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆಯನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ.

ಹುಡುಗನ ಕಂಪ್ಯೂಟರಿನಲ್ಲಿ ಕಂಡದ್ದು ಹೀಗೆ: ಗೇಮ್ ನಿಂತ ಪ್ರತಿ ಸಲವೂ ಡಿಸ್ಕಿನ ಗೆರೆ 100ಕ್ಕೆ ಏರಿ ಅಲ್ಲೇ ಚಪ್ಪಟೆಯಾಗುತ್ತಿತ್ತು, 8 ಜಿಬಿ ರ‍್ಯಾಮಿನಲ್ಲಿ 7.6 ತುಂಬಿರುತ್ತಿತ್ತು, ಜಿಪಿಯು ಗೆರೆ ಅದೇ ಹೊತ್ತಿಗೆ ಹಳ್ಳಕ್ಕೆ ಬೀಳುತ್ತಿತ್ತು. ರ‍್ಯಾಮ್ ಸಾಲದೆ ವಿಂಡೋಸ್ ಹಾರ್ಡ್ ಡಿಸ್ಕಿನ ಮೇಲೆ ಬರೆದು ಓದಿ ಮಾಡುತ್ತಿತ್ತು, ಗೇಮ್ ಕೂಡ ಅದೇ ಡಿಸ್ಕಿನಿಂದ ಹೊಸ ದೃಶ್ಯಗಳನ್ನು ಎಳೆದುಕೊಳ್ಳುತ್ತಿತ್ತು.

ಹಣ ಬೇಡದ ಕೆಲಸಗಳು

ಅಂಗಡಿಗೆ ಹೋಗುವ ಮೊದಲು ಮೂರು ಸಂಗತಿಗಳನ್ನು ನೋಡಿಕೊಳ್ಳಬೇಕು. ಮಾನಿಟರಿನ ಕೇಬಲ್ ಗ್ರಾಫಿಕ್ ಕಾರ್ಡಿನ ಕಿಂಡಿಯಲ್ಲಿದೆಯೋ, ಅದರ ಮೇಲ್ಗಡೆ ಮದರ್‌ಬೋರ್ಡಿನ ಕಿಂಡಿಯಲ್ಲಿದೆಯೋ ಎಂಬುದು ಮೊದಲನೆಯದು. ಮದರ್‌ಬೋರ್ಡಿಗೆ ಸಿಕ್ಕಿಸಿದ್ದರೆ ಸಾಮಾನ್ಯವಾಗಿ ಪ್ರೊಸೆಸರಿನೊಳಗಿನ ಸಣ್ಣ ಗ್ರಾಫಿಕ್ಸೇ ಗೇಮನ್ನು ಎಳೆಯುತ್ತಿರುತ್ತದೆ. ಎರಡನೆಯದು, ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ 144 ಹರ್ಟ್ಸಿನ ಮಾನಿಟರ್ ಕೊಂಡವರು ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಅದನ್ನು 60ರಿಂದ 144ಕ್ಕೆ ಏರಿಸಿದ್ದಾರೆಯೇ ಎಂಬುದು. ಏರಿಸದೆ ಬಿಟ್ಟವರು ನನ್ನ ಪರಿಚಯದಲ್ಲೇ ಮೂವರಿದ್ದಾರೆ. ಮೂರನೆಯದು ಧೂಳು.

ನಮ್ಮ ಕಡೆಯ ಧೂಳಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಅಂಗಳದಲ್ಲಿ ಅಡಿಕೆ ಒಣಗುವ, ಜಗಲಿಯಲ್ಲಿ ಸುಲಿಯುವ ಮನೆಗಳಲ್ಲಿ ಸಿಪ್ಪೆಯ ಸಣ್ಣ ನಾರು ಗಾಳಿಯಲ್ಲಿರುತ್ತದೆ. ಅದು ಮುರಕಲ್ಲಿನ ಕೆಂಪು ಹುಡಿಯೊಂದಿಗೆ ಸೇರಿ, ಮಳೆಗಾಲದ ತೇವವನ್ನು ಕುಡಿದು, ಪ್ರೊಸೆಸರಿನ ಫ್ಯಾನಿನಡಿ ಇರುವ ಅಲ್ಯೂಮಿನಿಯಂ ಎಸಳುಗಳ ನಡುವೆ ಕಂಬಳಿಯ ತುಂಡಿನಂತೆ ಕೂತುಬಿಡುತ್ತದೆ. ಗಾಳಿ ಹಾಯದೆ ಕಾವು ಏರಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಈ ಮಿತಿ ಇಂಟೆಲಿನ ಬಹುಪಾಲು ಪ್ರೊಸೆಸರುಗಳಲ್ಲಿ 100 ಡಿಗ್ರಿಯ ಆಸುಪಾಸು, ಎಎಂಡಿ ಕಂಪನಿಯ ರೈಜನ್ 5000 ಸರಣಿಯ ಬಹುತೇಕ ಪ್ರೊಸೆಸರುಗಳಲ್ಲಿ 90. ಎಚ್‌ಡಬ್ಲ್ಯೂಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಈ ಕಾವನ್ನು ನೋಡಬಹುದು. ಗೇಮ್ ಆಡುವಾಗ 85ನ್ನು ದಾಟುತ್ತಿದ್ದರೆ ಶುಚಿ ಮಾಡುವ ಕಾಲ ಬಂದಿದೆ ಎಂದೇ ಲೆಕ್ಕ.

ಬ್ಲೋವರಿನಿಂದ ಗಾಳಿ ಊದುವಾಗ ಫ್ಯಾನಿನ ಎಸಳನ್ನು ಬೆರಳಲ್ಲಿ ತಡೆದು ಹಿಡಿದುಕೊಳ್ಳಿ. ಇಲ್ಲವಾದರೆ ಅದು ತನ್ನ ಮಿತಿಗಿಂತ ಜೋರಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಕೂಲರ್ ಬಿಚ್ಚಿದರೆ ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರಸಿ, ಹೊಸತನ್ನು ಬಟಾಣಿ ಕಾಳಿನಷ್ಟೇ ನಡುವಿಗೆ ಇಟ್ಟರೆ ಸಾಕು. ಎಎಂ4 ಸಾಕೆಟ್ಟಿನ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜನ್ ಇದ್ದವರು ಇಲ್ಲಿ ಬಹಳ ಜಾಗ್ರತೆಯಿಂದಿರಬೇಕು. ಅದರ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲೇ ಇರುವುದರಿಂದ, ಪೇಸ್ಟ್ ಒಣಗಿ ಅಂಟಿದ್ದರೆ ಕೂಲರನ್ನು ನೇರ ಮೇಲಕ್ಕೆ ಎಳೆದಾಗ ಪ್ರೊಸೆಸರೂ ಕಿತ್ತು ಬರುತ್ತದೆ, ಪಿನ್ನು ಡೊಂಕಾಗುತ್ತದೆ. ಕಂಪ್ಯೂಟರನ್ನು ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಆರಿಸಿ, ಪ್ಲಗ್ ತೆಗೆದು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಚಿ ಬಿಡಿಸಿಕೊಂಡು ಆಮೇಲೆ ಎತ್ತಬೇಕು. ಹಲಸಿನ ತೊಳೆ ಬಿಡಿಸುವವರಿಗೆ ಈ ಕೈಗುಣ ಹೇಳಿಕೊಡಬೇಕಾಗಿಲ್ಲ.

ಕರೆಂಟಿನ ವಿಚಾರ

ಗೇಮಿಂಗ್ ಅಪ್‌ಗ್ರೇಡ್ ಎಂದಾಗ ಎಸ್ಎಂಪಿಎಸ್ಸಿನ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಇಳಿಸಿ ಕೊಡುವ ಡಬ್ಬಿ) ಬಗ್ಗೆ ಮಾತಾಡಲು ಯಾರಿಗೂ ಉತ್ಸಾಹವಿಲ್ಲ, ಏಕೆಂದರೆ ಅದನ್ನು ಬದಲಿಸಿದರೆ ಒಂದು ಫ್ರೇಮ್ ಕೂಡ ಹೆಚ್ಚಾಗುವುದಿಲ್ಲ. ಆದರೂ ನಮ್ಮ ಊರುಗಳಲ್ಲಿ ಮೊದಲ ಹಣವನ್ನು ಇದಕ್ಕೇ ತೆಗೆದಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೆಲವು ವರ್ಷಗಳ ಹಿಂದೆ ಕ್ಯಾಬಿನೆಟ್ಟಿನೊಂದಿಗೆ ಬಿಟ್ಟಿಯಾಗಿ ಬಂದ ಎಸ್ಎಂಪಿಎಸ್ಸಿನ ಮೇಲೆಯೇ ನಾನೊಂದು ಹೊಸ ಕಾರ್ಡ್ ಹಾಕಿದ್ದೆ. ಮೂರನೆಯ ವಾರ ಒಂದು ಸಂಜೆ ಪಟಾಕಿಯಂಥ ಸದ್ದು, ಸುಟ್ಟ ಮೀನಿನಂಥ ವಾಸನೆ. ಎಸ್ಎಂಪಿಎಸ್ಸಿನ ಜೊತೆಗೆ ಮದರ್‌ಬೋರ್ಡೂ ಹೋಯಿತು. ಕಾರ್ಡ್ ಉಳಿದದ್ದು ಅದೃಷ್ಟ.

ಎಸ್ಎಂಪಿಎಸ್ಸಿನ ಮೈಮೇಲೆ ದೊಡ್ಡದಾಗಿ ಬರೆದ ವ್ಯಾಟ್ ಅಂಕಿಯನ್ನು ನಂಬದೆ, ಅದರ ಬದಿಯ ಲೇಬಲಿನಲ್ಲಿ 12 ವೋಲ್ಟಿನ ಸಾಲಿನೆದುರು ಎಷ್ಟು ಆಂಪಿಯರ್ ಎಂದಿದೆ ಎಂದು ಓದಿ. ಪ್ರೊಸೆಸರೂ ಕಾರ್ಡೂ ಉಣ್ಣುವುದು ಬಹುಮಟ್ಟಿಗೆ ಈ ಸಾಲಿನಿಂದಲೇ. 450 ವ್ಯಾಟ್ ಎಂದು ಬರೆದ ಡಬ್ಬಿಯಲ್ಲಿ 12 ವೋಲ್ಟಿಗೆ 15 ಆಂಪಿಯರ್ ಎಂದಿದ್ದರೆ ನಿಜವಾದ ಬಲ 180 ವ್ಯಾಟ್ ಮಾತ್ರ. 35 ಆಂಪಿಯರ್ ಎಂದಿದ್ದರೆ 420 ವ್ಯಾಟ್, ಆಗ ಅದು ಹೆಸರಿಗೆ ತಕ್ಕ ಸರಕು. ಹುಡುಗನ ಲೆಕ್ಕ ಹೀಗಿತ್ತು: ಪ್ರೊಸೆಸರಿಗೆ 65, ಈಗಿನ ಕಾರ್ಡಿಗೆ 75, ಉಳಿದದ್ದಕ್ಕೆಲ್ಲ 50, ಒಟ್ಟು 190. ಮುಂದೆ 130 ವ್ಯಾಟಿನ ಕಾರ್ಡ್ ಬಂದರೂ 250ನ್ನು ದಾಟುವುದಿಲ್ಲ. ಆದರೆ ಕಾರ್ಡುಗಳು ಕ್ಷಣಮಾತ್ರ ತಮ್ಮ ಲೆಕ್ಕಕ್ಕಿಂತ ಬಹಳ ಹೆಚ್ಚು ಎಳೆಯುವುದುಂಟು, ಎಸ್ಎಂಪಿಎಸ್ ಕೂಡ ಅರ್ಧ ಭಾರದಲ್ಲಿ ತಣ್ಣಗೆ ದುಡಿಯುತ್ತದೆ. ಹೀಗಾಗಿ ಕರೆಂಟನ್ನು ಹೆಚ್ಚು ಪೋಲು ಮಾಡದ್ದೆಂದು ಹೇಳುವ 80 ಪ್ಲಸ್ ಬ್ರಾಂಝ್ ಗುರುತಿನ 550 ವ್ಯಾಟಿನದನ್ನು ಆರಿಸಿದೆವು.

ಮಾರ್ಚ್, ಏಪ್ರಿಲಿನಲ್ಲಿ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ 230 ಇರಬೇಕಾದ ವೋಲ್ಟೇಜ್ ಎಷ್ಟೋ ಕೆಳಗಿಳಿಯುತ್ತದೆ. ಆ್ಯಕ್ಟಿವ್ ಪಿಎಫ್‌ಸಿ (ಕರೆಂಟನ್ನು ಹದವಾಗಿ ಎಳೆದುಕೊಳ್ಳುವ ಸರ್ಕ್ಯೂಟ್) ಇರುವ, 100ರಿಂದ 240 ವೋಲ್ಟ್ ಎಂದು ಬರೆದಿರುವ ಎಸ್ಎಂಪಿಎಸ್ ಇದನ್ನು ಸುಲಭವಾಗಿ ತಾಳಿಕೊಳ್ಳುವುದರಿಂದ ಕಂಪ್ಯೂಟರಿಗೆಂದೇ ಸ್ಟೆಬಿಲೈಸರ್ ಕೊಳ್ಳುವ ಅಗತ್ಯವಿಲ್ಲ. ಯುಪಿಎಸ್ ವಿಷಯ ಬೇರೆ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್. ಮಾನಿಟರೂ ಸೇರಿ ಗೇಮಿನ ನಡುವೆ ಕರೆಂಟು ಹೋದರೆ ಹಳೆಯ ಬ್ಯಾಟರಿಯದ್ದು ಕೀಂ ಎಂದು ಕೂಗಿ ತಾನೂ ಆರಿಹೋಗುತ್ತದೆ. ಇನ್ವರ್ಟರಿನ ಮೇಲೆ ನಡೆಸುವವರು ಅದು ಪ್ಯೂರ್ ಸೈನ್ ವೇವ್ ಮಾದರಿಯದ್ದೇ ಎಂದು ನೋಡಿಕೊಳ್ಳಬೇಕು. ಚೌಕ ಅಲೆಯ ಇನ್ವರ್ಟರಿನಲ್ಲಿ ಪಿಎಫ್‌ಸಿ ಇರುವ ಕೆಲವು ಎಸ್ಎಂಪಿಎಸ್ಸುಗಳು ಕರೆಂಟು ಬದಲಾಗುವ ಕ್ಷಣದಲ್ಲಿ ಕೈಕೊಡುತ್ತವೆ.

ಕ್ಯಾಬಿನೆಟ್ಟಿನ ತಗಡನ್ನು ಬರಿಗಾಲಲ್ಲಿ ನಿಂತು ಮುಟ್ಟಿದಾಗ ಜುಂ ಎನ್ನುತ್ತದೆಯೇ? ಹಾಗಿದ್ದರೆ ಅರ್ತಿಂಗ್ ಸರಿಯಿಲ್ಲ. ಎಸ್ಎಂಪಿಎಸ್ಸಿನೊಳಗೆ ಗದ್ದಲ ಸೋಸಲೆಂದು ಇಟ್ಟಿರುವ ಕೆಪಾಸಿಟರುಗಳು ಅತಿ ಸಣ್ಣ ಸೋರಿಕೆಯನ್ನು ಭೂಮಿಗೆ ಕಳಿಸುತ್ತಿರುತ್ತವೆ. ಭೂಮಿಗೆ ದಾರಿಯಿಲ್ಲದಾಗ ತಗಡಿನ ಮೇಲೆ ಸರಬರಾಜಿನ ಅರ್ಧದಷ್ಟು, ಎಂದರೆ 115 ವೋಲ್ಟಿನ ಆಸುಪಾಸು ನಿಂತಿರುತ್ತದೆ. ಇದು ಮನುಷ್ಯನಿಗೆ ಕಿರಿಕಿರಿ, ಎಚ್‌ಡಿಎಂಐ ಕಿಂಡಿಗೆ ಅಪಾಯ. ಎಲೆಕ್ಟ್ರಿಷಿಯನ್ ಬಂದಾಗ ನ್ಯೂಟ್ರಲ್ ಮತ್ತು ಅರ್ತಿನ ನಡುವಿನ ವೋಲ್ಟೇಜ್ ಅಳೆಯಲು ಹೇಳಿ, ಅದು ಎರಡು ಮೂರು ವೋಲ್ಟಿನೊಳಗೆ ಇರಬೇಕು. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ತಿನ ಹೊಂಡಕ್ಕೆ ಆಗಾಗ ಒಂದೆರಡು ಕೊಡ ನೀರು ಹೊಯ್ಯುವ ಹಿರಿಯರ ರೂಢಿಗೆ ಕಾರಣವಿದೆ: ತೇವ ಇದ್ದರೇ ಮಣ್ಣು ಕರೆಂಟನ್ನು ಸೆಳೆದುಕೊಳ್ಳುತ್ತದೆ.

ಡಿಸ್ಕ್ ಮತ್ತು ರ‍್ಯಾಮ್

ಇನ್ನು ಹುಡುಗನ ನಿಜವಾದ ರೋಗಕ್ಕೆ ಬರೋಣ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಓದುವ ಮುಳ್ಳಿನಡಿಗೆ ಬರಲು ಸರಾಸರಿ ಅದರ ಅರ್ಧ, ಮುಳ್ಳು ಅತ್ತಿತ್ತ ಸರಿಯಲು ಇನ್ನೊಂದು ಎಂಟು ಒಂಬತ್ತು, ಒಟ್ಟು ಹನ್ನೆರಡು ಹದಿಮೂರು ಮಿಲಿಸೆಕೆಂಡ್. ಒಂದು ಫ್ರೇಮಿಗೆ ಸಿಗುವ ಸಮಯವೇ 16.7 ಎಂಬುದನ್ನು ನೆನಪಿಸಿಕೊಂಡರೆ, ಡಿಸ್ಕಿನ ಮೇಲೆ ಹತ್ತು ಕಡೆ ಚದುರಿದ ಹತ್ತು ಸಣ್ಣ ತುಣುಕುಗಳನ್ನು ಹುಡುಕಿ ತರುವಷ್ಟರಲ್ಲಿ ಏಳೆಂಟು ಫ್ರೇಮುಗಳ ಸಮಯ ಕಳೆದುಹೋಗುತ್ತದೆ ಎಂಬುದು ತಿಳಿಯುತ್ತದೆ. ಅವನು ಕಂಡ ಅರೆಕ್ಷಣದ ನಿಲುಗಡೆ ಇದೇ. ತಿರುಗುವ ಭಾಗವೇ ಇಲ್ಲದ ಎಸ್ಎಸ್‌ಡಿಯಲ್ಲಿ ಇದೇ ಹುಡುಕಾಟ ಸುಮಾರು 0.1 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ.

ಎಸ್ಎಸ್‌ಡಿ ಹಾಕಿದರೆ ಸರಾಸರಿ ಫ್ರೇಮ್ ಸಂಖ್ಯೆ ಹೆಚ್ಚುವುದಿಲ್ಲ, ನಿಲುಗಡೆಯೂ ಲೋಡಿಂಗ್ ಕಾಯುವಿಕೆಯೂ ತಗ್ಗುತ್ತವೆ. ಹಳೆಯ ಬೋರ್ಡುಗಳಿಗೆ ಹಾರ್ಡ್ ಡಿಸ್ಕಿನಂತೆಯೇ ಕೇಬಲಿನಿಂದ ಜೋಡಿಸುವ ಎರಡೂವರೆ ಇಂಚಿನ ಸಾಟಾ ಎಸ್ಎಸ್‌ಡಿ ಸಾಕು. ಅದರ ವೇಗ ಸೆಕೆಂಡಿಗೆ ಸುಮಾರು 550 ಎಂಬಿ. ಬೋರ್ಡಿನಲ್ಲಿ ಹಲಗೆಯಂಥ ಎಸ್ಎಸ್‌ಡಿಯನ್ನು ನೇರವಾಗಿ ಸಿಕ್ಕಿಸುವ ಎಂ.2 ಕಿಂಡಿ ಇದ್ದರೆ ಇನ್ನೂ ವೇಗದ ಎನ್‌ವಿಎಂಇ ಹಾಕಬಹುದು. ಪಿಸಿಐಇ (ಬೋರ್ಡಿನ ಒಳಗೆ ಮಾಹಿತಿ ಸಾಗುವ ದಾರಿ) 3.0ರಲ್ಲಿ ಅದು 3500 ಎಂಬಿಯವರೆಗೆ ಹೋಗುತ್ತದೆ. ಕೆಲವು ಎಂ.2 ಕಿಂಡಿಗಳು ಸಾಟಾ ಮಾದರಿಯನ್ನಷ್ಟೇ ಒಪ್ಪುವುದರಿಂದ ಮೊದಲು ಬೋರ್ಡಿನ ಕೈಪಿಡಿ ನೋಡಬೇಕು. ಎಂ.2 ಹಲಗೆಯನ್ನು ಹಿಡಿದಿಡುವ ಸ್ಕ್ರೂ ಮೂಗುತಿಯ ತಿರುಪಿನಷ್ಟೇ ಸಣ್ಣದು. ಕೆಲಸ ಶುರುಮಾಡುವ ಮೊದಲು ನೆಲದ ಮೇಲೆ ಒಂದು ಬಿಳಿ ಮುಂಡು ಹಾಸಿಕೊಂಡರೆ, ಅದು ಬಿದ್ದರೂ ಸಿಗುತ್ತದೆ. ಹಳೆಯ ಡಿಸ್ಕನ್ನು ಹಾಗೆಯೇ ಪಡಿಯಚ್ಚು ಮಾಡಲು ಕ್ಲೋನ್‌ಝಿಲ್ಲಾ ಎಂಬ ಉಚಿತ ತಂತ್ರಾಂಶ ಇದೆ. ಆದರೆ ಏಳೆಂಟು ವರ್ಷದ ಕಸ ತುಂಬಿದ ವಿಂಡೋಸನ್ನು ಹೊಸ ಮನೆಗೆ ಸಾಗಿಸುವುದಕ್ಕಿಂತ, ಬೇಕಾದ ಕಡತಗಳನ್ನು ತೆಗೆದಿಟ್ಟು ಹೊಸದಾಗಿ ಹಾಕುವುದೇ ನನ್ನ ಪದ್ಧತಿ.

ರ‍್ಯಾಮಿನ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ಅದರ ತಲೆಮಾರು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಇವುಗಳ ಕಚ್ಚು ಬೇರೆಬೇರೆ ಜಾಗದಲ್ಲಿರುವುದರಿಂದ ಒಂದು ಇನ್ನೊಂದರ ಕಿಂಡಿಗೆ ಹೋಗುವುದಿಲ್ಲ. ಹೋಗಲಿಲ್ಲವೆಂದು ಒತ್ತಿ ತುರುಕಬಾರದು. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಮೆಮೊರಿ ಪುಟ ನಿಮ್ಮದು ಯಾವುದೆಂದು ಹೇಳುತ್ತದೆ. ಎರಡನೆಯದಾಗಿ, 16 ಜಿಬಿಯ ಒಂದಕ್ಕಿಂತ 8 ಜಿಬಿಯ ಎರಡು ಮೇಲು. ಡಿಡಿಆರ್4 2133ರ ಒಂದು ಕಡ್ಡಿ ಸೆಕೆಂಡಿಗೆ 17 ಜಿಬಿ ಸಾಗಿಸಿದರೆ ಎರಡು ಸೇರಿ 34 ಸಾಗಿಸುತ್ತವೆ. ಬೇರೆ ಕಾರ್ಡ್ ಇಲ್ಲದೆ ಪ್ರೊಸೆಸರಿನ ಗ್ರಾಫಿಕ್ಸಿನಲ್ಲೇ ಆಡುವವರಿಗೆ ಇದರಷ್ಟು ಅಗ್ಗದ, ಇದರಷ್ಟು ಕಣ್ಣಿಗೆ ಕಾಣುವ ಸುಧಾರಣೆ ಇನ್ನೊಂದಿಲ್ಲ, ಏಕೆಂದರೆ ಆ ಗ್ರಾಫಿಕ್ಸ್ ಬದುಕುವುದೇ ರ‍್ಯಾಮಿನ ಸಾಲದ ಮೇಲೆ. ನಾಲ್ಕು ಕಿಂಡಿಯ ಬೋರ್ಡಿನಲ್ಲಿ ಎರಡು ಕಡ್ಡಿಗಳನ್ನು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಕಿಂಡಿಗೆ ಹಾಕಬೇಕು.

ವೇಗದ ಅಂಕಿಗೆ ಮರುಳಾಗಬೇಡಿ. ಎಚ್110 ಬೋರ್ಡಿನಲ್ಲಿ ಹುಡುಗನದ್ದರಂಥ ಆರನೇ ತಲೆಮಾರಿನ ಪ್ರೊಸೆಸರ್ ಇದ್ದರೆ 3200ರ ಕಡ್ಡಿ ಹಾಕಿದರೂ ಓಡುವುದು 2133ರಲ್ಲೇ. ಹೊಸ ಬೋರ್ಡುಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಪ್ರಮಾದ ನಡೆಯುತ್ತದೆ: ದುಬಾರಿ ರ‍್ಯಾಮ್ ಕೊಂಡು, ಬಯೋಸಿಗೆ (ಆನ್ ಮಾಡಿದ ಕೂಡಲೇ ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಹೋಗಿ ಪೂರ್ತಿ ವೇಗ ಕೊಡುವ ಎಕ್ಸ್ಎಂಪಿ ಅಥವಾ ಎಕ್ಸ್‌ಪೋ ಪ್ರೊಫೈಲನ್ನು ಆನ್ ಮಾಡದೆ ವರ್ಷಗಟ್ಟಲೆ ಕಡಿಮೆ ವೇಗದಲ್ಲೇ ಓಡಿಸುತ್ತಾರೆ. ಡಿಡಿಆರ್5 ಹಾಕಿ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡ್ ಆಗ ರ‍್ಯಾಮಿನೊಂದಿಗೆ ಹೊಂದಾಣಿಕೆ ಮಾಡಿಕೊಳ್ಳುತ್ತಿರುತ್ತದೆ, ಗಾಬರಿಯಿಂದ ಪ್ಲಗ್ ಕೀಳಬಾರದು. 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ ರ‍್ಯಾಮಿನ ಬೆಲೆ ಏರಿರುವುದರಿಂದ ಹಳೆಯ ಡಿಡಿಆರ್4 ಕಡ್ಡಿ ಕೊಳ್ಳುವುದೂ ತಪ್ಪಲ್ಲ. ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿ ಒಂದೂ ತಪ್ಪು ಬಾರದಿದ್ದರೆ ಇಟ್ಟುಕೊಳ್ಳಿ.

ಡಿಸ್ಕ್, ಮೆಮೊರಿಯ ಮಟ್ಟಿಗೆ ನಾವು ಮಾಡಿದ್ದು ಇಷ್ಟು: 500 ಜಿಬಿಯ ಸಾಟಾ ಎಸ್ಎಸ್‌ಡಿ, ಇನ್ನೊಂದು 8 ಜಿಬಿ ರ‍್ಯಾಮ್. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಉಳಿದ ಕರೆಂಟನ್ನು ಹರಿಯಬಿಟ್ಟು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ತಗಡನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಇಳಿಸಿಕೊಂಡು, ಕಡ್ಡಿಯ ಎರಡೂ ತುದಿಗಳನ್ನು ಹೆಬ್ಬೆರಳಲ್ಲಿ ಸಮವಾಗಿ ಒತ್ತಿದಾಗ ಟಕ್ ಟಕ್ ಎಂದು ಎರಡು ಸದ್ದಾಯಿತು. ಒಂದೇ ಸದ್ದು ಕೇಳಿದರೆ ಇನ್ನೊಂದು ತುದಿ ಕೂತಿಲ್ಲ ಎಂದು ತಿಳಿಯಬೇಕು. ಆ ಸಂಜೆ ಅದೇ ಗೇಮ್ ಆಡುವಾಗ ಡಿಸ್ಕಿನ ಗೆರೆ ಹತ್ತರ ಕೆಳಗೇ ಉಳಿಯಿತು, ಜಿಪಿಯು ಗೆರೆ 97ರಲ್ಲಿ ನೆಟ್ಟಗೆ ನಿಂತಿತು. “ಮಾವಾ, ಈಗ ಕಾರ್ಡ್ ಕೇಳ್ಬಹುದಾ?” ಎಂದ. ಕೇಳಬಹುದಾಗಿತ್ತು.

ಗ್ರಾಫಿಕ್ ಕಾರ್ಡ್

ಕಾರ್ಡ್ ಆರಿಸುವಾಗ ಮಾನಿಟರಿನಿಂದ ಶುರುಮಾಡಿ. 1080ರ, 60 ಅಥವಾ 75 ಹರ್ಟ್ಸಿನ ಪರದೆ ಇಟ್ಟುಕೊಂಡು ದೊಡ್ಡ ಕಾರ್ಡ್ ಕೊಳ್ಳುವುದೆಂದರೆ ಕೊಡೆಯಷ್ಟಗಲದ ಚಾವಡಿಗೆ ದೇವಸ್ಥಾನದ ದೀಪ ತೂಗಿದಂತೆ. ಆಮೇಲೆ ನೋಡಬೇಕಾದದ್ದು ಕರೆಂಟಿನ ಕಿಂಡಿ. ಮದರ್‌ಬೋರ್ಡಿನ ಸ್ಲಾಟ್ ತಾನಾಗಿ ಕೊಡುವುದು 75 ವ್ಯಾಟ್, ಆರು ಪಿನ್ನಿನ ಕೇಬಲ್ ಇನ್ನೂ 75, ಎಂಟು ಪಿನ್ನಿನದು 150. ಹಳೆಯ ಎಸ್ಎಂಪಿಎಸ್ಸನ್ನು ಬದಲಿಸುವ ಮನಸ್ಸಿಲ್ಲದವರಿಗೆ 70 ವ್ಯಾಟಿನ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿಯಂಥವು ಸರಿ. ಎಸ್ಎಂಪಿಎಸ್ ಗಟ್ಟಿಯಿದ್ದರೆ 132 ವ್ಯಾಟಿನ ಆರ್‌ಎಕ್ಸ್ 6600, 115 ವ್ಯಾಟಿನ ಆರ್‌ಟಿಎಕ್ಸ್ 4060ರಂಥ 8 ಜಿಬಿಯವು 1080ರ ಪರದೆಗೆ ಸಾಕಷ್ಟಾಗುತ್ತವೆ.

ಹಳೆಯ ಬೋರ್ಡಿನವರು ಎಡವುವ ಒಂದು ಕಲ್ಲಿದೆ. ಆರ್‌ಎಕ್ಸ್ 6400, 6500 ಎಕ್ಸ್‌ಟಿ ಕಾರ್ಡುಗಳು ನೋಡಲು ಪೂರ್ಣ ಉದ್ದದ ಸ್ಲಾಟಿಗೆ ಕೂತರೂ ಬಳಸುವುದು ಅದರ ನಾಲ್ಕು ಪಥಗಳನ್ನು ಮಾತ್ರ. ಪಿಸಿಐಇ 4.0 ಬೋರ್ಡಿನಲ್ಲಿ ಅದು ನಡೆಯುತ್ತದೆ. 3.0 ಬೋರ್ಡಿನಲ್ಲಿ ದಾರಿ ಅರ್ಧಕ್ಕರ್ಧ ಕಿರಿದಾಗುವುದರಿಂದ ಕಾರ್ಡಿನ ಮೆಮೊರಿ ತುಂಬಿದ ಕೂಡಲೇ ಗೇಮ್ ಮುಗ್ಗರಿಸುತ್ತದೆ. ಇಂಟೆಲ್ ಆರ್ಕ್ ಕಾರ್ಡುಗಳಿಗೆ ಬೋರ್ಡಿನಲ್ಲಿ ರೀಸೈಝಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನು ಒಟ್ಟಿಗೇ ಮುಟ್ಟುವ) ಸೌಲಭ್ಯ ಬೇಕು, 2015ರ ಬೋರ್ಡುಗಳಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಕಚೇರಿಗಳಿಂದ ಹರಾಜಿನಲ್ಲಿ ಬರುವ ಚಪ್ಪಟೆ ಡಬ್ಬಿಗಳನ್ನು ಕೊಂಡವರಿಗೆ ಇನ್ನೊಂದು ತೊಡಕಿದೆ: ಅವುಗಳಿಗೆ ಅರ್ಧ ಎತ್ತರದ ಕಾರ್ಡೇ ಬೇಕು, ಎಸ್ಎಂಪಿಎಸ್ಸಿನ ಅಳತೆಯೂ ಪಿನ್ನುಗಳೂ ಎಷ್ಟೋ ಸಲ ಪೇಟೆಯ ಸಾಮಾನ್ಯ ಮಾದರಿಗೆ ಹೊಂದುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡಿಗೆ ನನ್ನ ವಿರೋಧವಿಲ್ಲ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗ್ರಾಫಿಕ್ ಕಾರ್ಡುಗಳಿಂದ ಗಳಿಸುವ ಮೈನಿಂಗ್ ನಿಂತ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು ಎಂಬುದನ್ನು ಮಾತ್ರ ನೆನಪಿಡಬೇಕು. ಮಾರುವವರ ಮನೆಯಲ್ಲೇ ಅರ್ಧ ಗಂಟೆ ಗೇಮ್ ಓಡಿಸಿ ಕಾವು, ಫ್ಯಾನಿನ ಸದ್ದು, ಪರದೆಯ ಮೇಲಿನ ಚುಕ್ಕಿಗಳನ್ನು ನೋಡಿ. ಕರಾವಳಿಯ ಕಾರ್ಡಾದರೆ ಹಿಂಬದಿಯ ಸ್ಕ್ರೂಗಳನ್ನೂ ಕಿಂಡಿಗಳ ಅಂಚನ್ನೂ ಟಾರ್ಚ್ ಹಾಕಿ ನೋಡಿ. ಅಲ್ಲಿ ತುಕ್ಕು ಅಥವಾ ಹಸಿರು ಕಂಡರೆ ಕಡಲ ಗಾಳಿ ಒಳಗೂ ಹೊಕ್ಕಿರುತ್ತದೆ. ಹೊಸದನ್ನು ಕಾಸರಗೋಡಿನಲ್ಲಾಗಲಿ, ತಲಪಾಡಿ ದಾಟಿ ಮಂಗಳೂರಿನಲ್ಲಾಗಲಿ, ಆನ್‌ಲೈನಿನಲ್ಲಾಗಲಿ ಕೊಳ್ಳುವಾಗ ಆ ಬ್ರ್ಯಾಂಡಿನ ಸರ್ವಿಸ್ ಸೆಂಟರ್ ಇರುವುದು ಮಂಗಳೂರಿನಲ್ಲೋ ಕಲ್ಲಿಕೋಟೆಯಲ್ಲೋ ಎಂದು ಕೇಳಿಕೊಳ್ಳಿ. ವಾರಂಟಿಯ ದಿನ ಬಂದಾಗ ಬಸ್ ಹತ್ತಬೇಕಾದವರು ನೀವೇ.

ಕಾರ್ಡ್ ಹಾಕುವ ಕೆಲಸ ಹತ್ತು ನಿಮಿಷದ್ದು. ಎಎಂಡಿ ಕಂಪನಿಯ ಕಾರ್ಡಿನಿಂದ ಎನ್‌ವಿಡಿಯಾಕ್ಕೋ ಅತ್ತಿಂದಿತ್ತಲೋ ಹೋಗುವವರು ಮೊದಲು ಡಿಡಿಯು ಎಂಬ ತಂತ್ರಾಂಶದಿಂದ ಹಳೆಯ ಡ್ರೈವರನ್ನು (ಕಾರ್ಡನ್ನು ನಡೆಸುವ ತಂತ್ರಾಂಶ) ಪೂರ್ತಿ ತೆಗೆದು ಕಂಪ್ಯೂಟರನ್ನು ಆರಿಸಬೇಕು. ಸ್ಲಾಟಿನ ತುದಿಯ ಕೊಂಡಿಯನ್ನು ಒತ್ತಿ ಬಿಡಿಸದೆ ಹಳೆಯ ಕಾರ್ಡನ್ನು ಎಳೆದರೆ ಸ್ಲಾಟೇ ಮುರಿಯುತ್ತದೆ. ಎಸ್ಎಂಪಿಎಸ್ಸಿನಿಂದ ಎರಡು ಬಗೆಯ ಎಂಟು ಪಿನ್ನಿನ ಕೇಬಲ್ ಬರುತ್ತದೆ: ನಾಲ್ಕು ಮತ್ತು ನಾಲ್ಕಾಗಿ ಸೀಳುವುದು ಪ್ರೊಸೆಸರಿನದು, ಆರು ಮತ್ತು ಎರಡಾಗಿ ಸೀಳುವುದು ಕಾರ್ಡಿನದು. ಕೊನೆಯಲ್ಲಿ ಮಾನಿಟರಿನ ಕೇಬಲ್ ಹೊಸ ಕಾರ್ಡಿಗೆ ಬಂದಿದೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳಿ.

ಪ್ರೊಸೆಸರ್, ಬಯೋಸ್, ವಿಂಡೋಸ್

ಪ್ರೊಸೆಸರನ್ನು ಬದಲಿಸಬಹುದೇ ಎಂಬುದನ್ನು ಸಾಕೆಟ್ ನಿರ್ಧರಿಸುತ್ತದೆ. 2016ರಲ್ಲಿ ಬಂದ ಎಎಂ4 ಬೋರ್ಡ್ ಇದ್ದವರು ಭಾಗ್ಯವಂತರು. ಬಯೋಸ್ ನವೀಕರಿಸಿದರೆ ಬಹುಪಾಲು ಎಎಂ4 ಬೋರ್ಡುಗಳಲ್ಲಿ ಮೊದಲ ರೈಜನ್ ಇದ್ದ ಜಾಗಕ್ಕೆ ರೈಜನ್ 5 5600 ಕೂರುತ್ತದೆ. ಇಂಟೆಲಿನಲ್ಲಿ ಆರು ಮತ್ತು ಏಳನೇ ತಲೆಮಾರಿನ ಬೋರ್ಡಿಗೆ, ಸಾಕೆಟ್ ಅದೇ ಅಳತೆಯದ್ದಾದರೂ, ಎಂಟು ಮತ್ತು ಒಂಬತ್ತನೆಯದು ಸೇರುವುದಿಲ್ಲ. ಹುಡುಗನ ಬೋರ್ಡಿಗೆ ಹೆಚ್ಚೆಂದರೆ ಹಳೆಯ ಐ7-7700ರಂಥದ್ದನ್ನು ಹಾಕಬಹುದಿತ್ತು. ಅದಕ್ಕೆ ಹಣ ಹಾಕುವುದು ಬೇಡವೆಂದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿ ಇಂಟೆಲಿನ ಎಂಟನೇ ತಲೆಮಾರಿಗಿಂತ ಹಳೆಯವು ಬಹುತೇಕ ಇಲ್ಲ, ವ್ಯಾಲೊರೆಂಟಿನಂಥ ಗೇಮ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳಿಲ್ಲದೆ ತೆರೆಯುವುದಿಲ್ಲ. ಎಸ್ಎಂಪಿಎಸ್, ಎಸ್ಎಸ್‌ಡಿ, ಕಾರ್ಡ್ ಇವು ಮುಂದಿನ ಕಂಪ್ಯೂಟರಿಗೂ ಜೊತೆಯಲ್ಲಿ ಬರುತ್ತವೆ. ಐ7-7700 ಹಳೆಯ ಬೋರ್ಡಿನೊಂದಿಗೇ ಉಳಿದುಬಿಡುತ್ತದೆ.

ಬಯೋಸ್ ನವೀಕರಿಸುವ ಎರಡು ಮೂರು ನಿಮಿಷಗಳಲ್ಲಿ ಕರೆಂಟು ಹೋದರೆ ಬೋರ್ಡ್ ಮತ್ತೆ ಏಳದಿರಬಹುದು. ಯುಪಿಎಸ್ ಇಲ್ಲದವರು ಮಳೆ ಗಾಳಿಯಿಲ್ಲದ ಬೆಳಗ್ಗೆ ಈ ಕೆಲಸ ಮಾಡಿ, ಆಟಿಯ (ಜುಲೈ, ಆಗಸ್ಟಿನ) ಮಳೆಯಲ್ಲಿ ಬೇಡ.

ಮಳೆಗಾಲಕ್ಕೆ

ಸಿಡಿಲಿನ ಹೆದರಿಕೆ ಹೆಚ್ಚು ಇರುವುದು ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮತ್ತು ಅಕ್ಟೋಬರ್, ನವೆಂಬರಿನ ತುಲಾ ಮಳೆಯಲ್ಲಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಫೈಬರ್ ಎಳೆ ಗಾಜಾದ್ದರಿಂದ ಅದರಲ್ಲಿ ಸಿಡಿಲು ಬರುವುದಿಲ್ಲ ಎಂಬುದು ನಿಜ. ಆದರೆ ಮೋಡೆಮ್ಮಿನ ಅಡಾಪ್ಟರ್ ಕರೆಂಟಿನ ಸಾಲಿನಲ್ಲಿದೆ, ಅಲ್ಲಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ಕೇಬಲ್ ತಾಮ್ರದ್ದು. ಅದನ್ನೂ ಬಿಡಿಸಿ.

ತೇವಕ್ಕೆ ಮದ್ದು ಬಳಕೆಯೇ. ಜೂನ್‌ನಿಂದ ಆಗಸ್ಟಿನವರೆಗೆ ಪರೀಕ್ಷೆ ಇದ್ದರೂ ದಿನಕ್ಕೊಂದು ಗಂಟೆ ಕಂಪ್ಯೂಟರನ್ನು ಆನ್ ಮಾಡಿಟ್ಟರೆ ಒಳಗಿನ ಬಿಸಿಯೇ ಬೂಷ್ಟನ್ನು ದೂರವಿಡುತ್ತದೆ. ಈ ಮಾತನ್ನು ಹುಡುಗ ಅಪ್ಪನೆದುರು ಅಕ್ಷರಶಃ ಉದ್ಧರಿಸುತ್ತಿದ್ದಾನೆಂದು ಕೇಳಿದ್ದೇನೆ. ನೆಲದಿಂದ ಒಂದಡಿ ಮೇಲೆ, ಬೆವರುವ ಗೋಡೆಯಿಂದ ಅರ್ಧ ಅಡಿ ಈಚೆಗೆ ಇಡಿ. ಕ್ಯಾಬಿನೆಟ್ಟಿನ ಹಿಂದೆ ಕಾರ್ಡ್ ಇಲ್ಲದ ಕಿಂಡಿಗಳ ತಗಡು ಕಳೆದುಹೋಗಿದ್ದರೆ ಸಣ್ಣ ಬಲೆ ಅಂಟಿಸಿ ಮುಚ್ಚಿ, ಇಲ್ಲವಾದರೆ ಬೆಚ್ಚನೆಯ ಜಾಗವೆಂದು ಹಲ್ಲಿ ಹೊಕ್ಕು ಎಸ್ಎಂಪಿಎಸ್ಸಿನಲ್ಲಿ ಕೊನೆಯಾಗುತ್ತದೆ. ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಹೊದಿಕೆ ಹೊದಿಸುವುದು ಬೇಡ, ಒಳಗೆ ನೀರಿಳಿಯುತ್ತದೆ. ಅಂಗಡಿಯ ಬಿಲ್ಲಿನ ಅಕ್ಷರಗಳು ಒಂದೇ ಮಳೆಗಾಲದಲ್ಲಿ ಮಾಸಿಹೋಗುವುದರಿಂದ ಕೊಂಡ ದಿನವೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಹುಡುಗನಿಗೆ ಕಾರ್ಡ್ ಬಂದದ್ದು ದೀಪಾವಳಿಗೆ. ಹಳೆಯ ಹಾರ್ಡ್ ಡಿಸ್ಕನ್ನು ನಾವು ಎಸೆಯಲಿಲ್ಲ. ಅದು ಅದೇ ಡಬ್ಬಿಯಲ್ಲಿ ಎರಡನೆಯ ಡಿಸ್ಕಾಗಿ ಕೂತಿದೆ, ಮನೆಯ ಮದುವೆ ಮುಂಜಿಗಳ ಫೋಟೊಗಳೂ ಭಾವನವರ ಅಡಿಕೆ ಲೆಕ್ಕದ ಕಡತಗಳೂ ಅದರಲ್ಲಿವೆ.